ಬೇರೆಯವರ ಬಾಯಿ ನೋಡಬಾರದು

ದೊಡ್ಡಮ್ಮ ಎಂದರೆ ಆ ಶೆಡ್ಡಿನಲ್ಲಿ ಎಲ್ಲರಿಗೂ ದೊಡ್ಡಮ್ಮನೇ. ಮೇಸ್ತ್ರಿಯ ತಲೆಯಲ್ಲಿ ಹುಡುಕಿದರೂ ಒಂದು ಕಪ್ಪು ಕೂದಲು ಸಿಗುತ್ತಿರಲಿಲ್ಲ, ಅವನೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ. ಗಂಡ ತೀರಿಕೊಂಡಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಆಗ ಬಂದು ಮಗ್ಗದ ಮುಂದೆ ನಿಂತವಳು, ಮಗನಿಗೆ ಮೀಸೆ ಬಂದು ಅವನು ಲಾರಿ ಓಡಿಸಲು ಹೋದ ಮೇಲೂ ಅದೇ ಸಾಲಿನಲ್ಲಿ ನಿಂತಿದ್ದಳು. ನಡುವೆ ಮಗ್ಗಗಳು ಬದಲಾದವು, ಮಾಲೀಕರು ಬದಲಾದರು, ಅವಳು ನಿಲ್ಲುವ ಜಾಗ ಮಾತ್ರ ಬದಲಾಗಲಿಲ್ಲ. ಅಲ್ಲಿನ ಸಿಮೆಂಟು ನೆಲ ಅವಳ ಪಾದದ ಅಳತೆಗೆ ಸವೆದಿದೆ ಎಂದು ಹುಡುಗಿಯರು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿರಲಿಲ್ಲ. ನಕ್ಕರೆ ಸದರ ಸಿಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ.

ಆ ಶೆಡ್ಡಿನ ಸದ್ದನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಮಗ್ಗದ ಪಕ್ಕ ಮಗ್ಗ, ಒಂದೊಂದರಲ್ಲೂ ಲಾಳಿ ಆ ಕಡೆ ಏಟು ತಿಂದು ಈ ಕಡೆಗೆ, ಈ ಕಡೆ ಏಟು ತಿಂದು ಆ ಕಡೆಗೆ ಓಡುತ್ತಲೇ ಇರುತ್ತದೆ. ಮಗ್ಗುಲಲ್ಲಿ ನಿಂತವಳು ಗಂಟಲು ಹರಿಯುವಂತೆ ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ದನಿಯೇ ಇಲ್ಲದೆ ಮಾತಾಡುವುದನ್ನು ಕಲಿತಿರುತ್ತಾರೆ. ತುಟಿಗಳನ್ನು ನಿಧಾನವಾಗಿ, ದೊಡ್ಡದಾಗಿ ಆಡಿಸುವುದು. ಎದುರಿನವಳು ನೋಡಿ ತಿಳಿದುಕೊಳ್ಳುವುದು. ಹೀಗೆ ಕೆಲವು ತಿಂಗಳು ಪಳಗಿದ ಹುಡುಗಿ ಶೆಡ್ಡಿನ ಆ ತುದಿಯಿಂದ ಈ ತುದಿಗೆ ತನ್ನ ನಾದಿನಿಯ ಮೇಲೆ ಚಾಡಿ ಹೇಳಬಲ್ಲಳು.

ಹೊಸಬರಿಗೆ ಕಡಿದ ಎಳೆ ಕಟ್ಟುವುದನ್ನು ಕಲಿಸುವ ಮೊದಲೇ ದೊಡ್ಡಮ್ಮ ಒಂದು ನಿಯಮ ಕಲಿಸುತ್ತಿದ್ದಳು. ನಿನ್ನ ಕಡೆ ಮುಖ ಮಾಡಿ ಆಡಿದ ಮಾತು ನಿನ್ನದು, ಬೇರೆಯವರ ಬಾಯಿ ನೋಡಬಾರದು. ಆ ಜಾಗದಲ್ಲಿ ಗುಟ್ಟು ಹೇಳಲು ಮರೆಯಿಲ್ಲ, ಕಿವಿಯಲ್ಲಿ ಪಿಸುಗುಟ್ಟಿದರೆ ಕೇಳುವುದಿಲ್ಲ. ಕಣ್ಣಿಗೆ ಬಿದ್ದರೂ ಬೀಳದ ಹಾಗೆ ಇರುವುದೇ ಅಲ್ಲಿ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ. ತಪ್ಪಿ ನೋಡಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು. ಈ ನಿಯಮವನ್ನು ಅವಳೇ ಮಾಡಿದ್ದೇನಲ್ಲ. ಅವಳಿಗೂ ಯಾರೋ ಹಳಬರು ಹೇಳಿಕೊಟ್ಟಿದ್ದರು. ಆದರೆ ಪಾಲಿಸುವುದರಲ್ಲಿ ಅವಳಷ್ಟು ಗಟ್ಟಿ ಯಾರೂ ಇರಲಿಲ್ಲ.

ಗುಬ್ಬಿಗೂ ಇದನ್ನೆಲ್ಲ ಕಲಿಸಿದ್ದು ಅವಳೇ. ಸಣ್ಣ ಮೈ, ಚುರುಕು ಕೈ, ಒಂದು ಕಡೆ ನಿಲ್ಲದ ಹುಡುಗಿ. ಬಂದ ವಾರದಲ್ಲೇ ಶೆಡ್ಡು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿತು. ತಾಯಿ ತಂದೆ ಇಲ್ಲ, ಸಾಕಿದ ಚಿಕ್ಕಮ್ಮನೂ ಹೋಗಿಬಿಟ್ಟಿದ್ದಳು. ದೊಡ್ಡಮ್ಮ ಅವಳನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಕೈಹಿಡಿದು ಕಲಿಸಿದಳು. ತನ್ನ ಬುತ್ತಿಯಲ್ಲಿ ಪಾಲು ಕೊಟ್ಟಳು. ಇಷ್ಟು ಪ್ರೀತಿ ಇದ್ದ ಕಡೆ ಅಷ್ಟೇ ದೊಡ್ಡ ಸಿಟ್ಟು ಬಂದು ಕೂತಿದ್ದು ಹೇಗೆಂದರೆ, ಬುತ್ತಿ ಮರೆತ ತಾಯಿಗೆ ಅದನ್ನು ಕೊಡಲು ಆಗಾಗ ಶೆಡ್ಡಿಗೆ ಬರುತ್ತಿದ್ದ ಮಗ ಗುಬ್ಬಿಯನ್ನು ನೋಡಿದ. ಆಮೇಲೆ ತಾಯಿ ಮರೆಯದಿದ್ದರೂ ಬರತೊಡಗಿದ. ಒಂದು ದಿನ ಇಬ್ಬರೂ ಹೋಗಿ ರಿಜಿಸ್ಟರ್ ಮದುವೆ ಮಾಡಿಕೊಂಡು ಬಂದು ಎದುರು ನಿಂತರು.

ಮದುವೆಗೆ ಅವಳ ಅಡ್ಡಿಯೇನೂ ಇರಲಿಲ್ಲ. ಕೇಳಿದ್ದರೆ ತಾನೇ ಮುಂದೆ ನಿಂತು ಮಾಡಿಸುತ್ತಿದ್ದಳು. ಅವಳಿಗೆ ತಡೆಯಲಾಗದ್ದು ಬೇರೆಯೇ. ಗುಬ್ಬಿ ಈ ವಿಷಯವನ್ನು ಗೆಳತಿಯರಿಗೆ ಹೇಳಿಕೊಂಡಿದ್ದಳು, ಅದನ್ನು ಅಕ್ಕಪಕ್ಕದವರು ನೋಡಿದ್ದರು, ತಿಂಗಳುಗಟ್ಟಲೆ ಇಡೀ ಶೆಡ್ಡಿಗೆ ಗೊತ್ತಿತ್ತು. ದೊಡ್ಡಮ್ಮ ಒಬ್ಬಳು ಮಾತ್ರ ನಿಯಮ ಪಾಲಿಸುತ್ತಾ ತಲೆ ತಗ್ಗಿಸಿಕೊಂಡು ಎಳೆ ಕಟ್ಟುತ್ತಿದ್ದಳು. ಎಲ್ಲರೆದುರು ತಾನು ಪೆದ್ದಿಯಾದೆ ಎಂದುಕೊಂಡಳು. ಮಾತು ಕಲಿಸಿದವಳೇ ಮಾತು ಬಿಟ್ಟಳು. ಮಗ, ಸೊಸೆ ಎರಡು ಬೀದಿ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಗುಬ್ಬಿ ಮೇಸ್ತ್ರಿಗೆ ಹೇಳಿ ಎದುರಿನ ಸಾಲಿಗೆ ಹೋದಳು. ದಿನಕ್ಕೊಮ್ಮೆಯಾದರೂ ಅವಳು ಇತ್ತ ಮುಖ ಮಾಡಿ, "ಅತ್ತೆ, ಊಟ ಆಯ್ತಾ?" ಎಂದು ತುಟಿ ಆಡಿಸುವಳು. ದೊಡ್ಡಮ್ಮ ಮಗ್ಗಕ್ಕೆ ಎಣ್ಣೆ ಬಿಡುವಳು. ಅವಳ ಮಗ್ಗಗಳು ಆ ಕಾಲದಲ್ಲಿ ಕಂಡಷ್ಟು ಎಣ್ಣೆಯನ್ನು ಹಿಂದೆಂದೂ ಕಂಡಿರಲಿಲ್ಲ.

ಗುಬ್ಬಿ ಬಸುರಿಯಾದಳು. ಹೇಳಿದವರು ಯಾರೂ ಇಲ್ಲ. ಸೊಂಟಕ್ಕೆ ಕೈಕೊಟ್ಟು ನಿಲ್ಲುವ ರೀತಿಯಲ್ಲೇ ದೊಡ್ಡಮ್ಮನಿಗೆ ತಿಳಿಯಿತು. ಆ ಶೆಡ್ಡಿನಲ್ಲಿ ಬಸುರಿಯನ್ನು ನೋಡಿಕೊಳ್ಳುವ ರೂಢಿ ಚೆನ್ನಾಗಿತ್ತು. ಅವಳನ್ನು ಕಿಟಕಿ ಪಕ್ಕದ ಮಗ್ಗಕ್ಕೆ ಹಾಕುವುದು, ಅವಳ ಎಳೆ ಕಡಿದರೆ ಪಕ್ಕದವಳು ಓಡಿ ಬಂದು ಕಟ್ಟುವುದು, ಬಟ್ಟೆಯ ಸುರುಳಿ ಎತ್ತಲು ಬಿಡದಿರುವುದು, ಕೂರಲು ಸ್ಟೂಲು ಕೊಡುವುದು, ಜೊತೆಯಲ್ಲಿ ಯಾರಾದರೂ ಆಸ್ಪತ್ರೆಗೆ ಹೋಗಿ ಬರುವುದು. ಇದನ್ನೆಲ್ಲ ಹಂಚಿ ಕೊಡುತ್ತಿದ್ದವಳು ದೊಡ್ಡಮ್ಮನೇ. ಎಷ್ಟೋ ಮಕ್ಕಳು ಹುಟ್ಟುವ ಮೊದಲೇ ಅವಳ ಬೈಗುಳಕ್ಕೆ ಒಗ್ಗಿಹೋಗಿದ್ದವು. ಗುಬ್ಬಿಯ ಸರದಿ ಬಂದಾಗ ಉಳಿದವರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಯಾರಿಗೂ ಏನೂ ಹೇಳಲಿಲ್ಲ. ಅತ್ತೆ ಇದ್ದಾಳಲ್ಲ, ಅವಳು ನೋಡಿಕೊಳ್ಳುತ್ತಾಳೆ, ಮನೆಜಗಳದ ನಡುವೆ ನಾವ್ಯಾಕೆ ಎಂದು ಎಲ್ಲರೂ ಹಿಂದೆ ಸರಿದರು. ಅತ್ತೆ ಇದ್ದೂ ಇಲ್ಲದವಳಾದಳು. ಅತ್ತೆ ಇದ್ದಾಳೆ ಎಂಬ ಕಾರಣಕ್ಕೆ ಉಳಿದವರೂ ಇಲ್ಲವಾದರು. ಸ್ಟೂಲು ಮಾತ್ರ ಬಂತು. ಅದನ್ನು ಕೊಟ್ಟವಳು ನೂಲು ಸುತ್ತಿ ಕಂಡಿಕೆ ತುಂಬುವ ಹೆಂಗಸು, ದೊಡ್ಡಮ್ಮನ ಹಳೆಯ ಗೆಳತಿ. ಎಲ್ಲರೂ ಅವಳನ್ನು ಕಂಡಿಕೆ ಅಕ್ಕ ಎನ್ನುತ್ತಿದ್ದರು.

"ನಿನ್ನ ಬಿಗುಮಾನಕ್ಕೆ ಬೆಂಕಿ ಬೀಳ," ಎಂದಳು ಕಂಡಿಕೆ ಅಕ್ಕ, ಟೀ ಹೊತ್ತಿನಲ್ಲಿ. "ಅವಳಿಗೆ ತವರಿಲ್ಲ. ಗಂಡ ಹೋದ ಅಂದ್ರೆ ಹದಿನೈದು ದಿನ ಪತ್ತೆ ಇಲ್ಲ. ಯಾರ ಹತ್ರ ಹೇಳ್ಕೋಬೇಕು ಆ ಹುಡುಗಿ?"

"ಹೇಳ್ಕೊಳ್ಳೋದಕ್ಕೆ ಅವಳಿಗೇನು, ಇಡೀ ಶೆಡ್ಡೇ ಇದೆಯಲ್ಲ. ಮದುವೆ ವಿಷಯ ಹೇಳ್ಕೊಂಡ ಹಾಗೆ ಇದನ್ನೂ ಹೇಳ್ಕೊಳ್ಳಲಿ."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋಳು ನೀನು," ಎಂದು ಕಂಡಿಕೆ ಅಕ್ಕ ಲೋಟ ತೊಳೆಯಲು ಎದ್ದುಹೋದಳು.

ಅದಾದ ಕೆಲವು ದಿನಕ್ಕೆ ದೊಡ್ಡಮ್ಮ ನಿಯಮ ಮುರಿದಳು. ಬೇಕೆಂದೇ ಮುರಿದದ್ದಲ್ಲ. ಕಡಿದ ಎಳೆ ಕಟ್ಟಿ ತಲೆ ಎತ್ತಿದಾಗ ಎದುರಿನ ಸಾಲಿನಲ್ಲಿ ಗುಬ್ಬಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ತಲೆ ತಗ್ಗಿಸಿ ತುಟಿ ಆಡಿಸುತ್ತಿದ್ದಳು. ಅವಳ ಎದುರು ಯಾರೂ ಇರಲಿಲ್ಲ. ಹುಡುಗಿಗೆ ತಲೆ ಕೆಟ್ಟಿತೇ ಎಂದು ಗಾಬರಿಯಾಗಿ ದೊಡ್ಡಮ್ಮ ನೋಡಿದಳು. "ಕಳ್ಳ, ಎದ್ದೆಯಾ? ಈಗ ಮಗ್ಗಕ್ಕೆ ಹೊಸ ಹಾಸು ನೂಲು ಹಾಕಿದ್ದಾರೆ. ನೀಲಿ ಬಣ್ಣ. ಚೆನ್ನಾಗಿದೆ. ಒದೀಬೇಡ, ಕೆಲಸ ಇದೆ." ಮಗುವಿನ ಜೊತೆ ಮಾತಾಡುತ್ತಿದ್ದಳು! ಅದೂ ಶೆಡ್ಡಿನ ಮಾತಿನಲ್ಲಿ, ದನಿಯಿಲ್ಲದೆ. ಹೊಟ್ಟೆಯೊಳಗಿನ ಮಗು ತುಟಿ ನೋಡುವುದುಂಟೇ? ದೊಡ್ಡಮ್ಮನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು, ಯಾರೂ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಅಂದಿನಿಂದ ಅವಳಿಗೆ ಅದೊಂದು ಚಟವಾಯಿತು. ಕೈ ತನ್ನ ಪಾಡಿಗೆ ಎಳೆ ಕಟ್ಟುತ್ತಿತ್ತು, ಕಣ್ಣು ಎದುರಿನ ಸಾಲಿನಲ್ಲಿರುತ್ತಿತ್ತು. ಗುಬ್ಬಿ ಮಗುವಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಅಪ್ಪ ಯಾವ ಊರು ದಾಟಿದ, ಫೋನಿನಲ್ಲಿ ಏನೆಂದ, ಕೋಣೆಯ ಬಲ್ಬು ಹೇಗೆ ಕಣ್ಣು ಹೊಡೆಯುತ್ತದೆ, ಮೇಸ್ತ್ರಿ ಹೇಗೆ ಕೆಮ್ಮುತ್ತಾನೆ. ತನಗೆ ಏನು ತಿನ್ನಬೇಕೆನಿಸುತ್ತದೆ ಎಂದು ಹೇಳಿ, ನೀನೇ ಬಂದು ಮಾಡಿಕೊಡು ಎನ್ನುವಳು. ಒಂದು ದಿನ ಗುಬ್ಬಿ ತಲೆ ಎತ್ತದೆ ಹೇಳಿದಳು: "ಎದುರಿಗೆ ನಿಂತಿದ್ದಾರಲ್ಲ, ಅವರೇ ನಿನ್ನ ಅಜ್ಜಿ. ಕೋಪ ಮೂಗಿನ ತುದೀಲೇ ಇರುತ್ತೆ. ಹೆದರಬೇಡ. ನನಗೆ ಎಲ್ಲ ಕಲಿಸಿದ್ದು ಅವರೇ. ನಿನ್ನ ಮುಖ ನೋಡಿದ ಕೂಡಲೇ ಕರಗಿಬಿಡ್ತಾರೆ."

ದೊಡ್ಡಮ್ಮ ಆ ಕ್ಷಣದಲ್ಲೇ ಕರಗಿದ್ದಳು. ಹಾಗೆಂದು ನಾಲ್ಕು ಹೆಜ್ಜೆ ದಾಟಿ ಆ ಸಾಲಿಗೆ ಹೋಗಬೇಕಲ್ಲ, ಅದು ಆಗಲಿಲ್ಲ. ಹೋದರೆ ಏನೆಂದು ಹೇಳುವುದು? ಇಷ್ಟು ದಿನ ನಿನ್ನ ಬಾಯಿ ನೋಡುತ್ತಿದ್ದೆ ಎಂದೇ? ನಿಯಮ ಹೇಳಿಕೊಟ್ಟವಳೇ ಕದ್ದು ನೋಡಿದಳು ಎಂದು ಶೆಡ್ಡು ನಗುವುದಿಲ್ಲವೇ? ಅವಳು ಮನಸ್ಸಿನಲ್ಲೇ ಒಂದು ಏರ್ಪಾಡು ಮಾಡಿಕೊಂಡಳು. ಹುಟ್ಟಲಿ. ಹುಟ್ಟಿದ ದಿನ ಮೊದಲು ಹೋಗಿ ಎತ್ತಿಕೊಳ್ಳುವವಳು ನಾನೇ. ಆಮೇಲೆ ಇಬ್ಬರನ್ನೂ ಮನೆಗೆ ಕರೆದುಕೊಂಡು ಬರುತ್ತೇನೆ. ಮಗುವಿನ ನೆಪದಲ್ಲಿ ಎಲ್ಲ ಸರಿಹೋಗುತ್ತದೆ, ಯಾರೂ ಯಾರಿಗೂ ಸೋಲಬೇಕಾಗಿಲ್ಲ. ಹೀಗೆ ಅವಳು ತನ್ನ ಪ್ರೀತಿಯನ್ನೆಲ್ಲ ಒಳ್ಳೆಯ ದಿನಕ್ಕೆಂದು ಎತ್ತಿಟ್ಟಳು. ನಡುವಿನ ದಿನಗಳಿಗೆ ಏನೂ ಉಳಿಸಲಿಲ್ಲ. ಗುಬ್ಬಿ ಮಗುವಿಗೆ, "ನಮಗೆ ಯಾರೂ ಇಲ್ಲ ಕಣೋ. ನಿನಗೆ ನಾನು, ನನಗೆ ನೀನು," ಎಂದಾಗಲೂ ದೊಡ್ಡಮ್ಮ, ಇರು ಮಗಳೇ, ಸ್ವಲ್ಪ ದಿನ, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಮನಸ್ಸಿನಲ್ಲಿ ಅಂದದ್ದು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.

ತಿಂಗಳು ತುಂಬುತ್ತಾ ಬಂದಿತ್ತು. ಅಂದು ಬೆಳಿಗ್ಗೆ ಮಗ್ಗಗಳು ಶುರುವಾದ ಕೂಡಲೇ ದೊಡ್ಡಮ್ಮನ ಕಣ್ಣು ಎದುರಿನ ಸಾಲಿಗೆ ಹೋಯಿತು. ಗುಬ್ಬಿಯ ಮುಖ ಊದಿತ್ತು. ಹೊಟ್ಟೆಯ ಒಂದು ಮಗ್ಗುಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. "ಏಳೋ ಕಳ್ಳ. ನಿನ್ನೆಯಿಂದ ಮಲಗೇ ಇದ್ದೀಯಾ. ಕೋಪಾನಾ? ಒಂದೇ ಒಂದು ಸಲ ಒದಿ, ಆಮೇಲೆ ಮಲಗು." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. "ಒಂದು ಸಲ."

ದೊಡ್ಡಮ್ಮ ಕಟ್ಟುತ್ತಿದ್ದ ಎಳೆಯನ್ನು ಕೈಬಿಟ್ಟಳು. ಇದು ಒಳ್ಳೆಯ ಲಕ್ಷಣವಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಯಾವ ಹುಡುಗಿಯಾಗಿದ್ದರೂ ಮಗ್ಗ ನಿಲ್ಲಿಸಿ, ಮೇಸ್ತ್ರಿಗೆ ಎರಡು ಬೈದು, ಆಟೋದಲ್ಲಿ ಕೂರಿಸಿಕೊಂಡು ಹೊರಟಿರುತ್ತಿದ್ದಳು. ಹೋಗಬೇಕು ಎಂದು ಕಾಲೆತ್ತಿದಳು ಕೂಡ. ಅಷ್ಟರಲ್ಲಿ ಹಾಳು ಯೋಚನೆ ಅಡ್ಡ ಬಂತು. ಅವಳು ನನಗೆ ಹೇಳಿಲ್ಲ. ಹೇಳದ ಮಾತಿಗೆ ನಾನು ಉತ್ತರ ಕೊಡುವುದು ಹೇಗೆ? ಕೊನೆಯ ತಿಂಗಳಲ್ಲಿ ಮಕ್ಕಳು ಜಾಗ ಸಾಲದೆ ಸುಮ್ಮನಿರುವುದೂ ಉಂಟಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನವಾಗಲಿಲ್ಲ. ಟೀ ಹೊತ್ತಿನಲ್ಲಿ ಕಂಡಿಕೆ ಅಕ್ಕನನ್ನು ಹಿಡಿದಳು.

"ಗುಬ್ಬಿ ಯಾಕೋ ಸಪ್ಪಗಿದ್ದಾಳೆ. ಹುಷಾರಾಗಿದ್ದಾಳಾ ಕೇಳ್ಕೊಂಡು ಬಾ. ನಾನು ಕೇಳಿದೆ ಅಂತ ಹೇಳ್ಬೇಡ."

ಕಂಡಿಕೆ ಅಕ್ಕ ಹೋಗಿ ಕೇಳಿ ಬಂದಳು. "ಚೆನ್ನಾಗಿದ್ದೀನಿ ಅಂದ್ಲು. ನಾಡಿದ್ದು ಗಂಡ ಬರ್ತಾನಂತೆ, ಬಂದ್ಮೇಲೆ ಡಾಕ್ಟರ ಹತ್ರ ಹೋಗ್ತಾರಂತೆ."

ಹುಷಾರಾಗಿದ್ದೀಯಾ ಎಂದು ಕೇಳಿದರೆ ಯಾವ ಹೆಂಗಸು ಇಲ್ಲ ಎನ್ನುತ್ತಾಳೆ? ದೊಡ್ಡಮ್ಮನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಆ ಉತ್ತರವನ್ನು ಹಿಡಿದುಕೊಂಡು ಸಂಜೆಯವರೆಗೆ ಎಳೆ ಕಟ್ಟಿದಳು. ಎದುರಿನ ಸಾಲಿನ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಶೆಡ್ಡು ಬಿಟ್ಟಾಗ ಗೇಟಿನ ಬಳಿ ನಿಂತಳು. ಗುಬ್ಬಿ ಹತ್ತಿರ ಬಂದಾಗ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದಳು. ಗುಬ್ಬಿ ಒಂದು ಕ್ಷಣ ನಿಂತು, ನೋಡಿ, ನಡೆದುಹೋದಳು.

ಮರುದಿನ ಗುಬ್ಬಿ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಮೇಸ್ತ್ರಿ ದೊಡ್ಡಮ್ಮನನ್ನು ಆಫೀಸು ಕೋಣೆಗೆ ಕರೆದು ಫೋನು ಕೊಟ್ಟ. ಆ ಕಡೆ ಮಗ ದಾರಿಯಲ್ಲಿ ಎಲ್ಲೋ ಲಾರಿ ನಿಲ್ಲಿಸಿಕೊಂಡು ಅಳುತ್ತಿದ್ದ. ಬೆಳಿಗ್ಗೆ ಗುಬ್ಬಿ ಒಬ್ಬಳೇ ಆಸ್ಪತ್ರೆಗೆ ನಡೆದುಹೋಗಿದ್ದಳಂತೆ.

ಮಗು ಹೆಣ್ಣು. ಕಳ್ಳ ಕಳ್ಳ ಎಂದು ತಾಯಿ ಕರೆಯುತ್ತಿದ್ದ ಮಗು ಹೆಣ್ಣಾಗಿತ್ತು, ಉಸಿರಿರಲಿಲ್ಲ. ಓಡಿಬಂದ ದೊಡ್ಡಮ್ಮನಿಗೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರಮ್ಮ ಹೇಳಿದಳು: "ನಿನ್ನೆಯೇ ಬಂದಿದ್ರೆ ಉಳೀತಿತ್ತೋ ಏನೋ, ಖಂಡಿತ ಅಂತ ಹೇಳೋಕೆ ಆಗಲ್ಲ. ಮನೇಲಿ ಯಾರಿಗೂ ಗೊತ್ತಾಗಲಿಲ್ವಾ?" ಒಳಗೆ ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗುಬ್ಬಿಯ ಕೈಗೆ ಕೊಟ್ಟಳು. ಗುಬ್ಬಿ ಅದರ ಮುಖದ ಮೇಲೆ ಬಗ್ಗಿ ತುಟಿ ಆಡಿಸತೊಡಗಿದಳು, ದನಿಯಿಲ್ಲದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಗೋಡೆಯ ಕಡೆಗೆ ತಿರುಗಿಕೊಂಡಳು. ಆ ಮಾತನ್ನು ನೋಡುವ ಯೋಗ್ಯತೆ ತನಗಿಲ್ಲ ಎನಿಸಿತು.

ಅಲ್ಲಿಂದ ಸೊಸೆಯನ್ನು ನೇರ ತನ್ನ ಮನೆಗೆ ಕರೆತಂದಳು. ಬಿಸಿನೀರು ಕಾಯಿಸಿದಳು, ತಲೆ ಬಾಚಿದಳು, ತುತ್ತು ಮಾಡಿ ತಿನ್ನಿಸಿದಳು, ರಜೆ ಹಾಕಿ ಪಕ್ಕದಲ್ಲೇ ಕೂತಳು. ಆ ತಿಂಗಳುಗಳಲ್ಲಿ ಮಾಡಬೇಕಿದ್ದುದನ್ನೆಲ್ಲ ಈಗ ಮಾಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. ಬೀದಿಯವರು, ಶೆಡ್ಡಿನವರು ನೋಡಲು ಬಂದವರೆಲ್ಲ, ಅತ್ತೆ ಅಂದರೆ ಹೀಗಿರಬೇಕು ಎಂದು ಹೊಗಳಿಹೋದರು. ಒಂದೊಂದು ಹೊಗಳಿಕೆಯೂ ಅವಳಿಗೆ ಬರೆ ಹಾಕಿದಂತಾಗುತ್ತಿತ್ತು. ಹೊಗಳದವಳು ಕಂಡಿಕೆ ಅಕ್ಕ ಒಬ್ಬಳೇ. ಅವಳು ದೊಡ್ಡಮ್ಮನನ್ನು ಹಿತ್ತಲಿಗೆ ಕರೆದಳು.

"ಅವತ್ತು ನನ್ನ ಕೈಲಿ ಯಾಕೆ ಕೇಳಿಸಿದೆ? ನಿಂಗೇನೋ ಗೊತ್ತಿತ್ತು."

ದೊಡ್ಡಮ್ಮ ಎಲ್ಲವನ್ನೂ ಹೇಳಿದಳು. ಕಂಡಿಕೆ ಅಕ್ಕ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕೇಳಿಸಿದೆಯಲ್ಲೇ. ಮಗು ಆಡ್ತಿಲ್ಲ ಅಂತ ನಂಗೆ ನೆಟ್ಟಗೆ ಒಂದು ಮಾತು ಹೇಳಿದ್ರೆ ಅವಳನ್ನ ಎಳ್ಕೊಂಡು ಹೋಗ್ತಿದ್ದೆ." ಆಮೇಲೆ ಮೆತ್ತಗೆ ಹೇಳಿದಳು, "ಈಗ ಹೇಳಿ ಏನು ಬಂತು. ಆ ಹುಡುಗಿಗೆ ಮಾತ್ರ ಹೇಳ್ಬೇಡ. ಇರೋದೂ ಮುರಿದುಹೋಗುತ್ತೆ."

ದೊಡ್ಡಮ್ಮನಿಗೂ ಅದೇ ಭಯ. ಗುಬ್ಬಿ ಈಗ ಅವಳನ್ನು ಬಾಯಿತುಂಬ ಅತ್ತೆ ಎನ್ನುತ್ತಿದ್ದಳು, ಅವಳ ಸೆರಗು ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದಳು. ಹೇಳಿದರೆ ಸೊಸೆಯೂ ಹೋದಳು, ಮಗನೂ ಹೋದ. ಹೇಳದೆ ಇದ್ದುಬಿಡಬಹುದಿತ್ತು, ನೋಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವೇ. ಆದರೆ ಗುಬ್ಬಿ ಬಿಡಲಿಲ್ಲ. ಒಂದು ಮಧ್ಯಾಹ್ನ ಅತ್ತೆಯ ಜೊತೆ ಬಟ್ಟೆ ಮಡಿಸುತ್ತಾ ಕೂತಿದ್ದವಳು ತಾನಾಗಿಯೇ ಹೇಳಿದಳು.

"ನಾನೇ ಕೊಂದೆ ಅತ್ತೆ ಅದನ್ನ. ಅವತ್ತು ಯಾರಿಗಾದ್ರೂ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಅಷ್ಟು ಜನ ಇದ್ರು. ಕಂಡಿಕೆ ಅಕ್ಕ ಬಂದು ಕೇಳಿದ್ರು ಕೂಡ. ಬಾಯಿಸತ್ತವಳ ಹಾಗೆ ಚೆನ್ನಾಗಿದ್ದೀನಿ ಅಂದೆ."

ದೊಡ್ಡಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಈ ಹುಡುಗಿ ಬದುಕಿರುವಷ್ಟು ಕಾಲ ಇದನ್ನು ಹೊರುತ್ತಾಳೆ, ತಾನು ಪಕ್ಕದಲ್ಲಿ ಕೂತು ಒಳ್ಳೆಯ ಅತ್ತೆ ಎನಿಸಿಕೊಳ್ಳುತ್ತೇನೆ ಎಂದು ಯೋಚಿಸಿದಾಗ ಅವಳಿಗೆ ತಡೆಯಲಾಗಲಿಲ್ಲ.

"ನೀನು ಹೇಳಿದ್ದೆ," ಎಂದಳು. "ನೀನು ಹೇಳಿದ್ದನ್ನ ನಾನು ನೋಡ್ದೆ. ನಿನ್ನೆಯಿಂದ ಮಲಗೇ ಇದ್ದೀಯಾ, ಒಂದು ಸಲ ಒದಿ ಅಂದೆ. ನೋಡಿಯೂ ನಾನು ಸುಮ್ಮನಿದ್ದೆ. ತಪ್ಪು ನಿಂದಲ್ಲ."

ಗುಬ್ಬಿ ಕತ್ತೆತ್ತಿದಳು. "ಅವತ್ತು ಮಾತ್ರ ನೋಡಿದ್ರಾ?"

"ಇಲ್ಲ. ಮೊದಲಿಂದ. ದಿನಾ."

ಈಗ ಎದ್ದು ಹೋಗುತ್ತಾಳೆ ಎಂದುಕೊಂಡಳು ದೊಡ್ಡಮ್ಮ. ಗುಬ್ಬಿ ಏಳಲಿಲ್ಲ. "ಹೇಳಿ," ಎಂದಳು. "ಏನೇನು ಹೇಳ್ತಿದ್ದೆ ನಾನು ಅದಕ್ಕೆ? ನನಗೆ ಒಂದೂ ಸರಿಯಾಗಿ ನೆನಪಾಗ್ತಿಲ್ಲ. ಎಲ್ಲ ಅಳಿಸಿಹೋದ ಹಾಗಿದೆ."

ದೊಡ್ಡಮ್ಮ ಹೇಳಿದಳು. ನೀಲಿ ಹಾಸಿನಿಂದ ಶುರುಮಾಡಿದಳು. ಕಣ್ಣು ಹೊಡೆಯುವ ಬಲ್ಬು, ಮೇಸ್ತ್ರಿಯ ಕೆಮ್ಮು, ಮಗು ಬಿಕ್ಕಳಿಸಿದಾಗ ಮಾಡಿದ ತಮಾಷೆ, ಅದು ಜೋರಾಗಿ ಒದ್ದಾಗ ಮಗ್ಗ ನಿಲ್ಲಿಸಿ ಆಡಿದ ಮಾತು. ಅವಳಿಗೆ ಒಂದೂ ಮರೆತಿರಲಿಲ್ಲ. ಗುಬ್ಬಿ ಮಧ್ಯೆ ಮಧ್ಯೆ ಆಮೇಲೆ ಎನ್ನುತ್ತಿದ್ದಳು, ಒಂದೆರಡು ಕಡೆ ನಕ್ಕಳು ಕೂಡ. ಅಜ್ಜಿಯ ಮಾತನ್ನೂ ದೊಡ್ಡಮ್ಮ ಬಿಡದೆ ಹೇಳಿದಳು. ಹೊರಗೆ ಬಿಸಿಲು ಇಳಿದಿತ್ತು. ಹೇಳಲು ಇನ್ನೇನೂ ಉಳಿಯಲಿಲ್ಲ.

"ನಮಗೆ ಯಾರೂ ಇಲ್ಲ ಅಂದಿದ್ದನ್ನೂ ನೋಡಿದ್ರಾ?" ಎಂದು ಗುಬ್ಬಿ ಕೇಳಿದಳು.

"ನೋಡ್ದೆ."

ಗುಬ್ಬಿ ಮಡಿಸಿದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಾಗಾದ್ರೆ ನಾವಿಬ್ಬರೇ ಇರಲಿಲ್ಲ ಅತ್ತೆ. ನೀವೂ ಇದ್ರಿ. ನಮಗೆ ಗೊತ್ತಾಗಲಿಲ್ಲ, ಅಷ್ಟೇ."

ಬೈದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದಳು.